ಶಾರದೆಯ ಸೆಟ್ಟು

ಮದುವೆಯ ಮಂಟಪದಲ್ಲಿ ಮದುಮಗಳ ಕೊರಳಿನ ಸರವನ್ನು ಬೆರಳ ತುದಿಯಿಂದ ಮೇಲೆತ್ತಿ, ತೂಕವನ್ನು ಅಂದಾಜು ಮಾಡಿ, ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದವರು ನೀವೇ ಅಲ್ಲವೇ? ಅಲ್ಲವೆಂದು ತಲೆಯಾಡಿಸಬೇಡಿ. ನಿಮ್ಮ ಕೈ ಅಷ್ಟು ದೂರ ಹೋಗಿರದಿದ್ದರೆ ಕಣ್ಣು ಹೋಗಿರುತ್ತದೆ. ಪಂಕ್ತಿಯಲ್ಲಿ ಪಾಯಸ ಬರುವಷ್ಟರಲ್ಲಿ ಆ ಹುಡುಗಿಯ ತಂದೆ ಏನು ಮಾಡುತ್ತಾನೆ, ಅಣ್ಣನಿಗೆ ಸ್ವಂತ ಫ್ಲ್ಯಾಟ್ ಇದೆಯೇ, ಸೊಂಟದ ಪಟ್ಟಿ ಚಿನ್ನದ್ದೋ ಬಾಡಿಗೆಯದ್ದೋ ಎಂಬುದೆಲ್ಲ ನಿಮಗೆ ತಿಳಿದುಹೋಗಿರುತ್ತದೆ. ಆಕೆಯ ಹೆಸರೊಂದು ಮಾತ್ರ ತಿಳಿದಿರುವುದಿಲ್ಲ.

ರತ್ನಾವತಿಗೆ ಹೆಸರುಗಳು ಗೊತ್ತಿದ್ದವು. ಡೊಂಬಿವಲಿ ಪೂರ್ವದ ಕರಾವಳಿ ಕನ್ನಡ ಬಳಗದಿಂದ ಹಸೆಮಣೆ ಏರಿದ ಹುಡುಗಿಯರಲ್ಲಿ ಬಹುಪಾಲು ಮಂದಿಯ ಕೊರಳ ಹಿಂದೆ ಕೊಂಡಿ ಸಿಕ್ಕಿಸಿದ ಕೈ ಅವಳದು. ಮಹಾಪೆಯ ಕಂಪನಿಯೊಂದರ ಆಫೀಸಿನಲ್ಲಿ ಅವಳಿಗೆ ಕೆಲಸ. ಗಂಡ ಜಯಶೀಲ ಥಾಣೆಯ ಒಂದು ಹೋಟೆಲಿನ ಮ್ಯಾನೇಜರು. ವರ್ಷವಿಡೀ ಬಸ್ಸು, ಟಿಫಿನ್ನು, ಸೊಸೈಟಿಯ ನೀರಿನ ಗಲಾಟೆಗಳ ನಡುವೆ ಓಡಾಡುವ ಈ ಹೆಂಗಸು ನವರಾತ್ರಿ ಬಂತೆಂದರೆ ರಜೆ ಹಾಕಿ ಬಳಗದ ಸಭಾಭವನದಲ್ಲಿ ಶಾರದೆಯ ಮಣ್ಣಿನ ಮೂರ್ತಿಯ ಮುಂದೆ ನಿಲ್ಲುತ್ತಿದ್ದಳು. ಸೀರೆ ಉಡಿಸುವುದು, ಮಲ್ಲಿಗೆ ಮುಡಿಸುವುದು, ಆಭರಣ ತೊಡಿಸುವುದು ಎಲ್ಲವೂ ಅವಳ ಹೊಣೆ. ಅಲ್ಲಿ ಗಂಡಸರ ಕೈ ಸೋಕಬಾರದೆಂಬುದು ಬಳಗದ ಹಳೆಯ ಕಟ್ಟಳೆ.

ಆ ಆಭರಣಗಳಿಗೆ ಬಳಗದವರು ಇಟ್ಟ ಹೆಸರು ಶಾರದೆಯ ಸೆಟ್ಟು. ಉದ್ದನೆಯ ಒಂದು ಕಾಸಿನ ಸರ, ಕೊರಳಿಗೆ ಒತ್ತಿ ಕೂರುವ ಕೆಂಪು ಹರಳಿನ ಪಟ್ಟಿ, ಜುಮಕಿ, ಬೈತಲೆ ಬೊಟ್ಟು, ಸೊಂಟಪಟ್ಟಿ. ಅದರಲ್ಲಿ ಚಿನ್ನವೆಂದು ಹೇಳಬಹುದಾದದ್ದು ಮೇಲಿನ ನೀರು ಮಾತ್ರ, ಒಳಗೆಲ್ಲ ತಾಮ್ರ. ಆದರೆ ಅದರ ಚೆಲುವನ್ನು ಏನೆಂದು ಹೇಳಲಿ! ಚಿನ್ನದಲ್ಲಿ ಕೆಲಸ ಮಾಡುವವನು ಲೋಹವನ್ನು ಉಳಿಸಬೇಕು. ಎಲ್ಲಿ ತೆಳುವಾಗಿಸಲಿ, ಎಲ್ಲಿ ಪೊಳ್ಳಾಗಿಸಲಿ ಎಂದು ಅವನ ಮನಸ್ಸು ತಕ್ಕಡಿಯ ಕಡೆಗೇ ವಾಲುತ್ತದೆ. ಈ ಸೆಟ್ಟನ್ನು ಮಾಡಿದ ಅನಾಮಿಕನಿಗೆ ಆ ಜಿಪುಣತನದ ಅಗತ್ಯವಿರಲಿಲ್ಲ. ಕಣ್ಣು ಎಷ್ಟನ್ನು ಬೇಡುತ್ತದೆಯೋ ಅಷ್ಟನ್ನು ಅವನು ಕೊಟ್ಟಿದ್ದ. ಕಾಸುಗಳು ಅಗಲವಾಗಿದ್ದವು, ಹರಳುಗಳು ದುಂಡಗೆ ಉಬ್ಬಿದ್ದವು, ಜುಮಕಿಗಳು ಸಣ್ಣ ಅಲುಗಾಟಕ್ಕೂ ನಡುಗುತ್ತಿದ್ದವು. ಮಂಗಳಾರತಿಯ ಬೆಳಕಿನಲ್ಲಿ ಕೊನೆಯ ಸಾಲಿನ ಅಜ್ಜಿಗೂ ಶಾರದೆಯ ಕೊರಳು ಕಾಣುತ್ತಿತ್ತು. ಒಂದೇ ಒಂದು ಕೊರತೆ: ಸರದ ನಡುವಿನ ಒಂದು ಕಾಸು ತಲೆಕೆಳಗಾಗಿ ತೂಗುತ್ತಿತ್ತು, ಅದರ ಮೇಲಿನ ಲಕ್ಷ್ಮಿಯ ಪಾದ ಆಕಾಶಕ್ಕೆ.

ಡೊಂಬಿವಲಿಯ ಕಾರ್ಖಾನೆ ಗಾಳಿಯಲ್ಲಿ ಬೆಳ್ಳಿಯೇ ಕಪ್ಪಾಗುವಾಗ ತಾಮ್ರದ ಪಾಡೇನು? ರತ್ನಾವತಿ ಒಂದೊಂದು ತುಂಡನ್ನೂ ಹತ್ತಿಯಲ್ಲಿ ಸುತ್ತಿ, ತೇವ ಹೀರಲೆಂದು ಪಕ್ಕದಲ್ಲಿ ಸೀಮೆಸುಣ್ಣದ ಕಡ್ಡಿಗಳನ್ನು ಇಟ್ಟು, ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದಳು. ಶ್ರಾವಣದಲ್ಲಿ ಶಹಾಡಿಗೆ ಒಯ್ದು ಪಾಲಿಶ್ ಮಾಡಿಸಿ ತರುತ್ತಿದ್ದಳು.

ಇಷ್ಟೆಲ್ಲ ಏಕೆ? ಒಂದು ಪದ್ಧತಿಗಾಗಿ. ನವರಾತ್ರಿಯಿಡೀ ಶಾರದೆ ತೊಟ್ಟ ಸೆಟ್ಟನ್ನು ವಿಸರ್ಜನೆಗೆ ಮೊದಲು ತೆಗೆದಿಡುತ್ತಾರೆ. ಆ ವರ್ಷ ಬಳಗದ ಯಾವ ಹುಡುಗಿಗೆ ಮದುವೆಯಾದರೂ ಧಾರೆಯ ಹೊತ್ತಿನಲ್ಲಿ ಅವಳ ಮೈಮೇಲೆ ಇರುವುದು ಆ ಸೆಟ್ಟೇ. ಮನೆಯಲ್ಲಿ ಚಿನ್ನವಿದ್ದವರು ಅದನ್ನು ಮನೆಯಲ್ಲೇ ಇಡಬೇಕು. ಹೋಟೆಲಿನ ಮಾಲೀಕರೂ ಅದೇ ಹೋಟೆಲಿನ ಅಡುಗೆಯವರೂ ಒಂದೇ ಬಳಗದ ಸದಸ್ಯರಾಗಿದ್ದ ಕಾಲದಲ್ಲಿ ಹಿಂದಿನ ತಲೆಮಾರಿನ ಹೆಂಗಸರು ಮಾಡಿದ ನಿಯಮವಿದು. ಎಲ್ಲ ಮನೆಗಳ ಆಲ್ಬಮ್ಮುಗಳಲ್ಲಿಯೂ ಅದೇ ಸರ, ಅದೇ ಜುಮಕಿ. ಮುಖಗಳು ಮಾತ್ರ ಬೇರೆ. ನೋಡುವವರಿಗೆ ಬೇರೆ ದಾರಿಯಿಲ್ಲ, ಮುಖವನ್ನೇ ನೋಡಬೇಕು.

ಈ ವರ್ಷದ ಮದುಮಗಳು ಪ್ರಣೀತಾ, ಕಲ್ಯಾಣದಲ್ಲಿ ಡಬ್ಬಿ ಊಟ ಮಾಡಿಕೊಡುವ ನಳಿನಾಕ್ಷಿಯ ಮಗಳು. ದೀಪಾವಳಿ ಕಳೆದ ಮೇಲೆ ವಾಶಿಯಲ್ಲಿ ಮದುವೆ. ಹುಡುಗ ಸಮಿತ್, ಅವನ ಮನೆಯವರು ಅನುಕೂಲಸ್ಥರು, ಬಳಗದ ಹೊರಗಿನವರು.

ಭಾದ್ರಪದದ ಒಂದು ಭಾನುವಾರ ಬಳಗದ ಸಭೆ ಸೇರಿತು. ಅಧ್ಯಕ್ಷ ರಘುಪತಿ ರಾಯರು ಎದ್ದು ನಿಂತು ಗಂಟಲು ಸರಿಮಾಡಿಕೊಂಡರು.

"ಒಂದು ಸಂತೋಷದ ಸುದ್ದಿ ಉಂಟು. ನಮ್ಮ ರಂಜನ್ ಅವರು ಶಾರದೆಗೆ ಅಪ್ಪಟ ಬಂಗಾರದ ಸೆಟ್ಟು ಮಾಡಿಸಿದ್ದಾರೆ. ಹಳೆಯದರ ಮಾದರಿಯಲ್ಲೇ. ಸ್ಮರಣ ಸಂಚಿಕೆಗೆ ಫೋಟೋ ತೆಗಿಲಿಕ್ಕುಂಟು ಅಂತ ನಾನು ರತ್ನಾವತಿಯವರ ಹತ್ರ ಹಳೆ ಸೆಟ್ಟು ಕೇಳಿ ತಗೊಂಡಿದ್ದೆ ನೋಡಿ, ಅದು ಇದಕ್ಕೆ! ಅಕ್ಕಸಾಲಿಯ ಹತ್ರ ಹೋಗಿತ್ತು. ರತ್ನಾವತಿಯವರು ಕ್ಷಮಿಸ್ಬೇಕು, ಸರ್‌ಪ್ರೈಸ್ ಇರ್ಲಿ ಅಂತ."

ಚಪ್ಪಾಳೆ ಬಿತ್ತು. ನೌಪಾಡಾದಲ್ಲಿ ಎರಡು ಹೋಟೆಲುಗಳನ್ನು ನಡೆಸುವ ರಂಜನ್ ಕೈಮುಗಿದು ಎದ್ದರು. ಮಾತು ಚಿಕ್ಕದಾಗಿತ್ತು.

"ಇನ್ನು ಮುಂದೆ ಶಾರದೆಯ ಮೈಮೇಲೆ ಡೂಪ್ಲಿಕೇಟು ಬೇಡ, ಅಷ್ಟೇ ನನ್ನ ವಿನಂತಿ. ಹಳೆ ಸೆಟ್ಟು ಬಿಸಾಡುವುದೆಂತಕ್ಕೆ? ನಳಿನಾಕ್ಷಿಯ ಮಗಳ ಮದುವೆ ಉಂಟಲ್ಲ, ಅವಳಿಗೇ ಕೊಟ್ಟುಬಿಡುವ. ಪಾಪ, ಅಂಥವರಿಗೆ ಉಪಯೋಗಕ್ಕೆ ಬರ್ತದೆ."

ಮತ್ತೆ ಚಪ್ಪಾಳೆ. ದಾನದ ಮೇಲೆ ದಾನವೆಂದು ಎಲ್ಲರಿಗೂ ಸಂತೋಷವಾಯಿತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಳಿನಾಕ್ಷಿ ಮಾತ್ರ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು. ರತ್ನಾವತಿಯ ಕಣ್ಣಿಗೆ ಅದು ಬಿತ್ತು. ಒಂದು ವಾಕ್ಯ, ಅದೂ ಸದುದ್ದೇಶದ ವಾಕ್ಯ, ಎಷ್ಟು ವರ್ಷಗಳ ಕೆಲಸವನ್ನು ಕೆಡವಿಹಾಕಬಲ್ಲದೆಂದು ಅವಳು ಕಂಡದ್ದು ಆ ಕ್ಷಣದಲ್ಲಿ. ನಿನ್ನೆಯವರೆಗೆ ಎಲ್ಲರದ್ದಾಗಿದ್ದ ಸೆಟ್ಟು ಈಗ 'ಅಂಥವರ' ಸೆಟ್ಟಾಗಿತ್ತು.

ಮರುದಿನ ಸಂಜೆ ಮಹಾಪೆಯಿಂದ ನೇರವಾಗಿ ಅವಳು ಕಲ್ಯಾಣಕ್ಕೆ ಹೋದಳು. ನಳಿನಾಕ್ಷಿ ಚಪಾತಿಯ ಹಿಟ್ಟು ನಾದುತ್ತಿದ್ದಳು, ತಲೆ ಎತ್ತಲಿಲ್ಲ.

"ರತ್ನಕ್ಕ, ಆ ಸೆಟ್ಟು ನಮಗೆ ಬೇಡ."

"ಯಾಕೆ ನಳಿನಾ?"

"ಯಾಕೆ ಅಂತ ನಿಮಗೆ ಗೊತ್ತುಂಟು. ಮೊದಲಾದ್ರೆ ವಾಶಿಯವರು ಕೇಳಿದ್ರೆ ಹೇಳ್ತಿದ್ದೆ, ಇದು ನಮ್ಮ ಶಾರದೆ ತೊಟ್ಟದ್ದು, ನಮ್ಮಲ್ಲಿ ಸೇಟುಗಳ ಮಕ್ಕಳೂ ಇದನ್ನೇ ಹಾಕುವುದು ಅಂತ. ಈಗ ಎಂತ ಹೇಳ್ಲಿ? ದೇವರು ಬಿಟ್ಟದ್ದನ್ನು ನಮಗೆ ಕೊಟ್ರು ಅಂತವಾ?" ಅವಳು ಹಿಟ್ಟನ್ನು ಪರಾತಕ್ಕೆ ರಪ್ಪನೆ ಬಡಿದಳು. "ನನ್ನ ಕೈಯಲ್ಲಿ ಈ ಎರಡು ಬಳೆ ಉಂಟು. ಕರಗಿಸಿ ಒಂದು ಎಳೆ ಸರ ಮಾಡಿಸ್ತೇನೆ. ಎಳೆಯಾದ್ರೂ ಬಂಗಾರದ್ದು."

ಆ ಬಳೆಗಳು ನಳಿನಾಕ್ಷಿಯ ತಾಯಿಯವು. ಅವು ಬಿಟ್ಟರೆ ಆ ಮನೆಯಲ್ಲಿ ಚಿನ್ನವೆಂಬುದು ಇರಲಿಲ್ಲ.

ಒಳಗಿನಿಂದ ಪ್ರಣೀತಾ ಫೋನ್ ಹಿಡಿದೇ ಬಂದಳು. ಇಲ್ಲೇ ಹುಟ್ಟಿ ಬೆಳೆದ ಆ ಹುಡುಗಿಗೆ ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಹಿಂದಿಯೇ ಬರುತ್ತಿತ್ತು. "ಆಂಟೀ, ಮುಝೇ ತೋ ವಹೀ ಚಾಹಿಯೇ. ಅಸ್ಲಿ-ನಕ್ಲಿ ಸೇ ಮುಝೇ ಕ್ಯಾ? ಕಿತ್ನಾ ಮಸ್ತ್ ದಿಖ್ತಾ ಹೈ!" ತನಗೆ ಬೇಕಾದದ್ದು ಅದೇ, ಅಸಲಿಯೋ ನಕಲಿಯೋ ಏನಾದರೇನು, ನೋಡಲು ಎಷ್ಟು ಚೆಂದ ಎಂಬುದು ಅವಳ ಮಾತು.

"ನಿನಗೆ ಎಲ್ಲವೂ ಮಸ್ತ್," ಎಂದಳು ತಾಯಿ. "ನಿನ್ನ ಅತ್ತೆ ಮನೆಯವರ ಬಾಯಿಗೆ ನಾನು ಉತ್ತರ ಕೊಡ್ಬೇಕು, ನಿನ್ನ ಇನ್‌ಸ್ಟಾಗ್ರಾಂ ಅಲ್ಲ." ಆಮೇಲೆ ರತ್ನಾವತಿಯ ಕಡೆ ತಿರುಗಿ ದನಿ ತಗ್ಗಿಸಿದಳು. "ಶಾರದೆ ಈ ಸಲವೂ ಅದನ್ನೇ ತೊಟ್ರೆ ನಾನು ಬೇಡ ಅನ್ನುವುದಿಲ್ಲ ಅಕ್ಕ. ಇಲ್ಲದಿದ್ರೆ ದೀಪಾವಳಿಗೆ ಮೊದಲು ಈ ಬಳೆ ಹೋಗ್ತದೆ."

ಹೀಗೆ ಮಾತು ಒಂದೇ ಬಿಂದುವಿಗೆ ಬಂದು ನಿಂತಿತು. ಮೂರ್ತಿಯ ಕೊರಳಲ್ಲಿ ಯಾವುದು ಇರುತ್ತದೆ?

ರತ್ನಾವತಿ ನೌಪಾಡಾಕ್ಕೆ ಹೋದಳು. ಮಧ್ಯಾಹ್ನದ ಊಟದ ಗದ್ದಲ ಮುಗಿದಿತ್ತು. ರಂಜನ್ ಅವಳನ್ನು ಗಲ್ಲಾದ ಪಕ್ಕದಲ್ಲಿ ಕೂರಿಸಿ ಕಾಫಿ ತರಿಸಿದರು. ಅವರು ಕೆಟ್ಟ ಮನುಷ್ಯರಲ್ಲ; ಇದನ್ನು ಸ್ಪಷ್ಟವಾಗಿ ಹೇಳಬೇಕು. ಕೆಟ್ಟವರು ಮಾಡುವ ಅನ್ಯಾಯವನ್ನು ಎದುರಿಸುವುದು ಸುಲಭ. ಒಳ್ಳೆಯವರು ಒಳ್ಳೆಯದೆಂದೇ ನಂಬಿ ಮಾಡುವುದರ ಎದುರು ಮಾತು ತಡವರಿಸುತ್ತದೆ.

"ರಂಜನ್, ನಿಮ್ಮ ಬಂಗಾರದ ಸೆಟ್ಟನ್ನು ಮದುವೆ ಹುಡುಗಿಯರಿಗೆ ಕೊಡ್ತೀರಾ?"

"ಅದು ಹೇಗೆ ಆಗ್ತದೆ ರತ್ನಕ್ಕ? ಇನ್ಶೂರೆನ್ಸ್ ಉಂಟು, ಲಾಕರ್ ಉಂಟು. ಮೂರ್ತಿಯ ಮುಂದೆ ಹಗ್ಗ ಕಟ್ಟಿ ಸೆಕ್ಯುರಿಟಿ ನಿಲ್ಲಿಸ್ಬೇಕು ಅಂತ ಹೇಳಿದ್ದಾರೆ. ನೀವು ಅದನ್ನು ವಾಶಿ ಪನ್ವೇಲ್ ಅಂತ ತಿರುಗಿಸ್ಲಿಕ್ಕೆ ಕೇಳ್ತೀರಲ್ಲ!"

"ಹಾಗಾದ್ರೆ ಹಳೆಯದನ್ನೂ ತೊಡಿಸುವ. ಅದರ ಮೇಲೆ ನಿಮ್ಮದು."

"ಎರಡನ್ನು ಒಟ್ಟಿಗೆ ಹಾಕಿದ್ರೆ ಜನ ನನ್ನದನ್ನೂ ನಕಲಿ ಅಂತಾರೆ, ಅಷ್ಟೇ." ರಂಜನ್ ನಕ್ಕರು. ಆಮೇಲೆ ನಗು ಮುಖದಿಂದ ಇಳಿಯಿತು. "ನೀವು ನನ್ನ ಮದುವೆಗೆ ಇದ್ರಿ. ಕಾಂಚನಾಳಿಗೆ ಆ ಸೆಟ್ಟು ಹಾಕಿದ್ದು ನೀವೇ. ನಮ್ಮ ಮನೆಯವರಿಗೆ ಆಗ ಬಳಗ ಗಿಳಗ ಗೊತ್ತಿರ್ಲಿಲ್ಲ. ನನ್ನ ದೊಡ್ಡತ್ತೆ ಆ ಸರ ಎತ್ತಿ ಉಗುರಿನಲ್ಲಿ ಕೆರೆದು ನೋಡಿದ್ರು. ಎಳೆದ ರಭಸಕ್ಕೆ ಒಂದು ಕಾಸು ಕಿತ್ತು ಅಕ್ಕಿಯ ಹರಿವಾಣಕ್ಕೆ ಬಿತ್ತು. 'ಉಂದು ಬಂಗಾರ್ ಅತ್ತ್' ಅಂತ ಅವರು ಗಟ್ಟಿಯಾಗಿ ಹೇಳಿದ್ರು. ಇದು ಬಂಗಾರ ಅಲ್ಲ ಅಂತ. ಇಡೀ ಮಂಟಪ ಕೇಳಿತು. ಆ ದಿನ ನನಗಾದ ನಾಚಿಕೆ ನಿಮಗೆ ಗೊತ್ತಿಲ್ಲ. ಶಾರದೆಯನ್ನು ನೋಡಿ ಯಾರೂ ಹಾಗೆ ಹೇಳ್ಬಾರ್ದು."

ರತ್ನಾವತಿಗೆ ಅದೆಲ್ಲ ನೆನಪಿತ್ತು. ಆ ಕಾಸಿನ ಮೇಲ್ತುದಿಯ ಕೊಂಡಿ ಹರಿದುಹೋದದ್ದರಿಂದ ಶಹಾಡಿನ ಪಾಲಿಶಿನವನು ಇನ್ನೊಂದು ತುದಿಯಲ್ಲಿ ತೂತು ಕೊರೆದು ಅದನ್ನು ತಲೆಕೆಳಗಾಗಿ ಜೋಡಿಸಿದ್ದ. ಬೇರೆ ಕಾಸು ಹಾಕಿಸೋಣವೆಂದು ಅವಳು ಎಷ್ಟೋ ಸಲ ಅಂದುಕೊಂಡು, ಮನಸ್ಸು ಬಾರದೆ ಬಿಟ್ಟಿದ್ದಳು.

"ನಾಚಿಕೆ ಯಾರಿಗೆ ಆಗಬೇಕಿತ್ತು ರಂಜನ್? ಎಳೆದವರಿಗೋ, ತೊಟ್ಟವಳಿಗೋ?"

"ಇದೆಲ್ಲ ಭಾಷಣಕ್ಕೆ ಚೆಂದ ಅಕ್ಕ."

"ಸರಿ, ಭಾಷಣ ಬಿಡುವ. ನಿಮ್ಮ ಬಂಗಾರ ಬಂದ ಮೇಲೆ ಇನ್ನು ಬಳಗದಲ್ಲಿ ಯಾವ ಮಾಲೀಕರ ಮಗಳು ತಾಮ್ರ ತೊಡ್ತಾಳೆ ಹೇಳಿ. ಶಾರದೆಯೇ ಬಿಟ್ಟದ್ದನ್ನು ತೊಡುವವರು ಯಾರು? ಬೇರೆ ಗತಿಯಿಲ್ಲದವರು. ಇಷ್ಟು ವರ್ಷ ಯಾರದ್ದು ಎಷ್ಟು ಅಂತ ಗೊತ್ತಾಗದ ಹಾಗೆ ಮುಚ್ಚಿಟ್ಟದ್ದು ಅದೇ. ಇನ್ನು ಅದನ್ನು ತೊಟ್ಟವಳು ದೂರದಿಂದಲೇ ಗೊತ್ತಾಗ್ತಾಳೆ, ಇವಳ ಮನೆಯಲ್ಲಿ ಇಲ್ಲ ಅಂತ. ನಿಮ್ಮ ದೊಡ್ಡತ್ತೆ ಒಬ್ಬರು ಮಾಡಿದ್ದನ್ನು ಇನ್ನು ಎಲ್ಲರೂ ಮಾಡ್ತಾರೆ. ಕೈ ಹಾಕುವ ಅಗತ್ಯವೂ ಇಲ್ಲ."

ರಂಜನ್ ಗಲ್ಲಾದ ಮೇಲಿನ ಬಿಲ್ಲುಗಳನ್ನು ಒಟ್ಟುಮಾಡಿ ಜೋಡಿಸಿದರು. ಮಾತು ತಟ್ಟಿತ್ತು, ಆದರೆ ತಟ್ಟಿದ ಮಾತಿಗೆಲ್ಲ ಮನುಷ್ಯ ತಲೆಬಾಗುವುದಿಲ್ಲ. "ಕಮಿಟಿ ಪಾಸ್ ಮಾಡಿ ಆಗಿದೆ," ಎಂದರು ಕೊನೆಗೆ. "ಕಾಫಿ ತಣ್ಣಗಾಯ್ತು. ಇನ್ನೊಂದು ಹೇಳ್ಲಾ?"

ಪ್ರತಿಷ್ಠೆಯ ದಿನ ಬೆಳಿಗ್ಗೆ ಸಭಾಭವನದಲ್ಲಿ ಮೂರ್ತಿಯ ಮುಂದೆ ಪರದೆ ಎಳೆದಿತ್ತು. ಹೊರಗೆ ಕುರ್ಚಿಗಳ ಸದ್ದು, ಮೈಕಿನ ಹಲೋ ಹಲೋ. ಒಳಗೆ ರತ್ನಾವತಿ ಶಾರದೆಗೆ ಹಸಿರು ಸೀರೆ ಉಡಿಸಿ ನೆರಿಗೆ ತಿದ್ದುತ್ತಿದ್ದಳು. ಹಳೆಯ ಡಬ್ಬಿಯನ್ನೂ ತಂದಿದ್ದಳು. ಏನು ಮಾಡಬೇಕೆಂದು ತನಗೇ ತಿಳಿಯದೆ, ಅಭ್ಯಾಸದಿಂದ ತಂದಿದ್ದಳು. ಮಲ್ಲಿಗೆಯ ಚೆಂಡು ಬಿಡಿಸುತ್ತಿದ್ದ ನಳಿನಾಕ್ಷಿ ಹತ್ತಿರ ಸರಿದಳು.

"ಅಕ್ಕ, ಒಂದು ಮಾತು. ಸೆರಗಿನ ಒಳಗೆ ಹಾಕಿಬಿಡಿ. ಮೇಲೆ ಬಂಗಾರದ್ದು ಇರ್ಲಿ. ಯಾರಿಗೆ ಗೊತ್ತಾಗ್ತದೆ? ಶಾರದೆಗೆ ಗೊತ್ತಾದ್ರೆ ಸಾಕು."

ಎಷ್ಟು ಸುಲಭವಾಗಿತ್ತು! ಒಂದು ನೆರಿಗೆಯ ಮರೆ ಸಾಕು. ಬಳೆ ಉಳಿಯುತ್ತಿತ್ತು, ಮದುವೆ ನಡೆಯುತ್ತಿತ್ತು, ಯಾರ ಮನಸ್ಸೂ ನೋಯುತ್ತಿರಲಿಲ್ಲ. ರತ್ನಾವತಿ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು ನಿಂತಳು. ಇಷ್ಟು ವರ್ಷ ಈ ಸೆಟ್ಟು ತಾಮ್ರವೆಂಬುದನ್ನು ಬಳಗದಲ್ಲಿ ಯಾರೂ ಯಾರಿಗೂ ಮುಚ್ಚಿಟ್ಟಿರಲಿಲ್ಲ. ಚಿನ್ನವೆಂದು ನಟಿಸಿದ್ದರೆ ಅದು ಮೋಸವಾಗುತ್ತಿತ್ತು. ತಾನು ಏನೋ ಅದನ್ನೇ ಹೇಳಿಕೊಂಡು ತಲೆಯೆತ್ತಿ ಮೆರೆದದ್ದೇ ಅದರ ಮರ್ಯಾದೆ.

"ಬೇಡ ನಳಿನಾ. ಅಡಗಿಸಿ ತೊಡಿಸಿದ್ರೆ ಇವತ್ತು ಅದು ನಿಜವಾಗಿ ನಕಲಿ ಆಗ್ತದೆ."

"ಹಾಗಾದ್ರೆ ನನ್ನ ಬಳೆ ಹೋಯ್ತು," ಎಂದಳು ನಳಿನಾಕ್ಷಿ, ಮತ್ತೆ ಮಲ್ಲಿಗೆಯ ಕಡೆ ಬಾಗಿ.

ಅಷ್ಟರಲ್ಲಿ ಪರದೆ ಸರಿಸಿ ಕಾಂಚನಾ ಬಂದಳು, ರಂಜನ್ ಅವರ ಹೆಂಡತಿ. ಮದುವೆಗೆ ಮೊದಲು ಅವಳೂ ಈ ಬಳಗದ ಒಬ್ಬ ಅಡುಗೆಯವರ ಮಗಳು. ಕೆಂಪು ಮಖಮಲ್ಲಿನ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

"ನಾನೂ ಇನ್ನೂ ನೋಡ್ಲಿಲ್ಲ ರತ್ನಕ್ಕ. ಅಂಗಡಿಯಿಂದ ಸೀದಾ ಲಾಕರಿಗೆ, ಲಾಕರಿನಿಂದ ಸೀದಾ ಇಲ್ಲಿಗೆ."

ಮುಚ್ಚಳ ತೆರೆದರು. ಚಿನ್ನ ಚಿನ್ನವೇ, ಮೂವರೂ ಬಾಗಿ ನೋಡಿದರು. ಆಮೇಲೆ ಕಣ್ಣು ಕೆಲಸಕ್ಕಿಳಿಯಿತು. ಕಾಸುಗಳು ಚಿಕ್ಕವಾಗಿದ್ದವು. ಜುಮಕಿ ಅಲುಗುತ್ತಿರಲಿಲ್ಲ. ಆಳೆತ್ತರದ ಮೂರ್ತಿಯ ಎದೆಯ ಮೇಲೆ ಹಿಡಿದು ನೋಡಿದರೆ ಸರ ಒಂದು ಹಳದಿ ಗೆರೆಯಂತೆ ಕಂಡಿತು.

"ಅಯ್ಯೋ," ಎಂದಳು ಕಾಂಚನಾ ಇದ್ದಕ್ಕಿದ್ದಂತೆ. ಸರವನ್ನು ಕಣ್ಣ ಹತ್ತಿರ ತಂದಳು. "ಇದು ನೋಡಿ. ಈ ಕಾಸು."

ಸರದ ನಡುವೆ ಒಂದು ಕಾಸಿನಲ್ಲಿ ಲಕ್ಷ್ಮಿ ತಲೆಕೆಳಗಾಗಿದ್ದಳು.

ಹಳೆಯದನ್ನು ನೋಡಿ ಅಳತೆ ಕಿರಿದಾಗಿಸಿ ಅಚ್ಚು ಮಾಡಿದ ಅಕ್ಕಸಾಲಿ ಅದನ್ನು ತುಳುನಾಡಿನ ಯಾವುದೋ ಹಳೆಯ ಸಂಪ್ರದಾಯವೆಂದು ತಿಳಿದು ಶ್ರದ್ಧೆಯಿಂದ ಹಾಗೆಯೇ ಎರಕ ಹೊಯ್ದಿದ್ದ. ರಂಜನ್ ಹಾಲ್‌ಮಾರ್ಕ್ ನೋಡಿದ್ದರು, ತೂಕ ನೋಡಿದ್ದರು. ತೂಕ ನೋಡಿದವರಿಗೆ ಲಕ್ಷ್ಮಿಯ ಮುಖ ಕಂಡಿರಲಿಲ್ಲ. ಯಾವ ದಿನವನ್ನು ಅಳಿಸಬೇಕೆಂದು ಆ ಮನುಷ್ಯ ಇಷ್ಟೆಲ್ಲ ಮಾಡಿಸಿದರೋ ಆ ದಿನವೇ ಅಪ್ಪಟ ಚಿನ್ನದಲ್ಲಿ ಅಚ್ಚಾಗಿ ಬಂದಿತ್ತು.

ಮೊದಲು ನಕ್ಕವಳು ಕಾಂಚನಾ. ನಕ್ಕು ನಕ್ಕು ಮಣೆಯ ಮೇಲೆ ಕುಳಿತಳು. ನಳಿನಾಕ್ಷಿಯ ಬಾಯಿಂದ "ಶಾರದಮ್ಮಾ, ನಕಲಿಯ ನಕಲಿ ಮಾಡಿಸಿದ್ರಲ್ಲ!" ಎಂದು ಹೊರಟಿತು, ಹೇಳಿದವಳೇ ಹೆದರಿ ಬಾಯಿ ಮುಚ್ಚಿಕೊಂಡಳು. ಕಾಂಚನಾ ಇನ್ನೂ ನಗುತ್ತಿದ್ದಳು. ನಡುವೆ ಎಲ್ಲೋ ಆ ನಗು ಬೇರೆ ಏನೋ ಆಗಿ ಅವಳು ಸೆರಗಿನಿಂದ ಕಣ್ಣೊರಸಿಕೊಂಡಳು.

ಪರದೆಯ ಆಚೆಯಿಂದ ರಂಜನ್ ದನಿ ಕೇಳಿತು. "ಎಂತ ಅಷ್ಟು ನಗು? ಭಟ್ರು ಕಾಯ್ತಿದ್ದಾರೆ."

"ಒಳಗೆ ಬನ್ನಿ," ಎಂದಳು ಕಾಂಚನಾ. "ನೋಡಿ. ನಿಮ್ಮ ದೊಡ್ಡತ್ತೆ ಕಿತ್ತ ಕಾಸು."

ರಂಜನ್ ನೋಡಿದರು. ಅವರ ಕಿವಿ ಕೆಂಪಾಯಿತು. "ಇದನ್ನು ಸರಿ ಮಾಡಿಸುವ. ಅಂಗಡಿಯವನಿಗೆ ಹೇಳ್ತೇನೆ. ಇವತ್ತಿಗೆ ಹೀಗೇ ಹಾಕಿ."

"ಹಳೆಯದನ್ನು ಹಾಕುವ," ಎಂದಳು ಅವಳು.

"ಕಾಂಚನಾ, ಮನೆಗೆ ಹೋಗಿ ಮಾತಾಡುವ."

"ಮನೆಯಲ್ಲಿ ಮಾತಾಡಿ ಮಾತಾಡಿಯೇ ಇದು ಬಂಗಾರ ಆದದ್ದು." ಅವಳ ದನಿ ಏರಲಿಲ್ಲ. "ಆ ದಿನ ನಿಮಗೆ ನಾಚಿಕೆ ಆಯ್ತು ಅಂತ ಇಷ್ಟು ವರ್ಷ ಹೇಳಿದ್ರಿ. ನನಗೆ ಎಂತ ಆಯ್ತು ಅಂತ ಒಮ್ಮೆ ಕೇಳಿದ್ರಾ? ನನಗೆ ನಾಚಿಕೆ ಆಗ್ಲಿಲ್ಲ. ನನಗಿಂತ ಮೊದಲು ಅದನ್ನು ತೊಟ್ಟವರು ಎಲ್ಲ ಅಲ್ಲಿ ಕೂತಿದ್ರು. ನಿಮ್ಮ ದೊಡ್ಡತ್ತೆ ಎಳೆದಾಗ ಅವರೆಲ್ಲ ಒಟ್ಟಿಗೆ ಎದ್ದು ನಿಂತ್ರು. ನಾನು ಅಡುಗೆಯವರ ಮಗಳು ಅಂತ ಆ ದಿನ ನನಗೆ ನೆನಪೇ ಆಗ್ಲಿಲ್ಲ. ನೆನಪಾದದ್ದು ಆಮೇಲೆ, ನಿಮ್ಮ ಮನೆಗೆ ಬಂದ ಮೇಲೆ."

ರತ್ನಾವತಿಗೆ ರಂಜನ್ ಅವರನ್ನು ನೋಡಿ ಮರುಕವೂ ಆಯಿತು. ಆದರೆ ಮರುಕಕ್ಕಾಗಿ ಸತ್ಯವನ್ನು ಬಿಟ್ಟುಕೊಡುವ ಅಭ್ಯಾಸ ಅವಳಿಗಿರಲಿಲ್ಲ. ಅವಳು ಹಳೆಯ ಡಬ್ಬಿ ತೆರೆದು, ಹತ್ತಿ ಬಿಡಿಸಿ, ಕಾಸಿನ ಸರವನ್ನು ಎತ್ತಿದಳು. ಒಂದು ತುದಿ ತನ್ನ ಕೈಯಲ್ಲಿ, ಇನ್ನೊಂದು ತುದಿಯನ್ನು ಕಾಂಚನಾ ಹಿಡಿದಳು. ಶಾರದೆಯ ಕೊರಳ ಹಿಂದೆ ಇಬ್ಬರ ಬೆರಳುಗಳೂ ಕೂಡಿ ಕೊಂಡಿ ಸಿಕ್ಕಿಸಿದವು.

"ಎರಡನ್ನೂ ಹಾಕ್ಲಿಕ್ಕೆ ನನ್ನ ಅಭ್ಯಂತರ ಇಲ್ಲ ರಂಜನ್," ಎಂದಳು ರತ್ನಾವತಿ. "ಆಗ್ಲೂ ಇರ್ಲಿಲ್ಲ, ಈಗಲೂ ಇಲ್ಲ. ಹಳೆಯದನ್ನು ತೆಗೆಯಲೇಬೇಕು ಅಂತಾದ್ರೆ ಹೊರಗೆ ಹೋಗಿ ಮೈಕಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿ. ಇದನ್ನು ತೊಟ್ಟು ಮದುವೆಯಾದವರು ಎಷ್ಟೋ ಮಂದಿ ಅಲ್ಲಿ ಕೂತಿದ್ದಾರೆ. ಅವರು ಬಂದು ತೆಗೀಲಿ."

ಪರದೆಯ ಆಚೆ ಮಾತು ನಿಂತುಹೋಗಿತ್ತು. ತೆಳ್ಳನೆಯ ಬಟ್ಟೆ ಏನನ್ನೂ ತಡೆದಿರಲಿಲ್ಲ. ರಂಜನ್ ಚಿನ್ನದ ಸರವನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದರು. ಮಂಗಳಾರತಿಗೆ ಅವರು ಇರಲಿಲ್ಲ.

ಪರದೆ ಸರಿದಾಗ ಆರತಿಯ ಬೆಳಕು ಕಾಸುಗಳ ಮೇಲೆ ಓಡಿತು. ಕೊನೆಯ ಸಾಲಿನಲ್ಲಿ ಯಾರೋ ಮುದುಕಿ ಕೈಜೋಡಿಸಿ "ಆಹಾ" ಎಂದಳು.

ಇದಕ್ಕೆ ಬೆಲೆ ತೆರದೆ ಆಗಲಿಲ್ಲ. ರಂಜನ್ ಆ ಚಿನ್ನವನ್ನು ಊರಿನ ಒಂದು ದೇವಸ್ಥಾನಕ್ಕೆ ಕೊಟ್ಟರಂತೆ. ಬಳಗದ ಅನ್ನದಾನಕ್ಕೆ ಅವರ ಹೋಟೆಲಿನಿಂದ ಬರುತ್ತಿದ್ದ ಅಕ್ಕಿ ಬೇಳೆ ನಿಂತಿತು. ರಘುಪತಿ ರಾಯರು ರತ್ನಾವತಿಗೆ ಎದುರಾದಾಗಲೆಲ್ಲ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಬೇಕಿತ್ತು ನೀವು," ಎನ್ನುವುದನ್ನು ಬಿಡಲಿಲ್ಲ. ಜಯಶೀಲನಂತೂ ರಂಜನ್ ಪರಿಚಯದವರ ಹೋಟೆಲಿನಲ್ಲೇ ಕೆಲಸ ಮಾಡುವವನು. ಕೆಲವು ವಾರ ಮನೆಯಲ್ಲಿ ಮಾತು ಕಡಿಮೆಯಾಯಿತು. ಕಾಂಚನಾ ತನ್ನ ಮನೆಯಲ್ಲಿ ಏನನ್ನು ಎದುರಿಸಿದಳೋ ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ವಾಶಿಯ ಮದುವೆಗೆ ಕಾಂಚನಾ ಒಬ್ಬಳೇ ಬಂದಿದ್ದಳು. ಪ್ರಣೀತಾ ಶಾರದೆಯ ಸೆಟ್ಟಿನಲ್ಲಿ ಕುಳಿತಿದ್ದಳು, ಅವಳು ನಕ್ಕಾಗಲೆಲ್ಲ ಜುಮಕಿಗಳು ನಡುಗುತ್ತಿದ್ದವು. ನಳಿನಾಕ್ಷಿಯ ಕೈಯಲ್ಲಿ ಬಳೆಗಳಿದ್ದವು. ಧಾರೆ ಮುಗಿದು ಹರಸುವ ಹೊತ್ತಿನಲ್ಲಿ ಸಮಿತನ ಚಿಕ್ಕಮ್ಮ ಅಕ್ಷತೆ ಹಾಕಿ, ಆ ಕೈಯನ್ನು ಹಾಗೆಯೇ ಸರದ ಕಡೆಗೆ ಚಾಚಿದರು.

"ಇದು ಎಷ್ಟು ಪವನು ಬಂಗಾರ?"

ರತ್ನಾವತಿ, ನಳಿನಾಕ್ಷಿ ಇಬ್ಬರೂ ಅತ್ತ ತಿರುಗಿದರು. ಕಾಂಚನಾ ಪಕ್ಕದಿಂದ ಮುಂದೆ ಬಂದಳು. ಅವಳ ಕಿವಿಯಲ್ಲಿದ್ದ ವಜ್ರದ ಓಲೆಗಳನ್ನು ಆ ಚಿಕ್ಕಮ್ಮ ಆಗಲೇ ಗಮನಿಸಿದ್ದರು.

"ಅದು ಬಂಗಾರ ಅಲ್ಲ, ತಾಮ್ರ. ನನ್ನ ಮದುವೆಗೆ ನಾನೂ ಅದನ್ನೇ ಹಾಕಿದ್ದು. ಸ್ವಲ್ಪ ನಿಧಾನ, ಒಂದು ಕಾಸು ಸಡಿಲ ಉಂಟು."

ಚಿಕ್ಕಮ್ಮನ ಕೈ ಗಾಳಿಯಲ್ಲಿ ನಿಂತಿತು. ಅವರು ಕಾಂಚನಾಳನ್ನು ನೋಡಿದರು, ಪ್ರಣೀತಾಳನ್ನು ನೋಡಿದರು. ತೂಗಲು ಏನೂ ಸಿಗದ ಕಣ್ಣು ಕೊನೆಗೆ ಹುಡುಗಿಯ ಮುಖದ ಮೇಲೆ ಬಂದು ಕುಳಿತಿತು. "ಚೆಂದ ಕಾಣ್ತಾಳೆ," ಎಂದರು. ನಿಜವಾಗಿಯೂ ಚೆಂದ ಕಾಣುತ್ತಿದ್ದಳು.

ಮನೆಗೆ ಮರಳುವಾಗ ರತ್ನಾವತಿ ಯೋಚಿಸಿದಳು: ಆ ಮಾತನ್ನು ನಾನು ಹೇಳಿದ್ದರೆ, ನಳಿನಾಕ್ಷಿ ಹೇಳಿದ್ದರೆ, ಆ ಕೈ ನಿಲ್ಲುತ್ತಿತ್ತೇ? ನಿಲ್ಲುತ್ತಿರಲಿಲ್ಲ. ಇಲ್ಲದವರು ತಾಮ್ರವನ್ನು ಹೊಗಳಿದರೆ ಅದು ಸಮಾಧಾನದ ಮಾತಾಗಿ ಕೇಳುತ್ತದೆ. ಇದ್ದವರು ಅದನ್ನು ತೊಟ್ಟಾಗ ಮಾತ್ರ ತಕ್ಕಡಿಗೆ ಕೆಲಸ ತಪ್ಪುತ್ತದೆ. ಇದು ಅವಳಿಗೆ ಸಂತೋಷ ಕೊಡಲಿಲ್ಲ. ಆದರೆ ನಿಜವೆನಿಸಿತು.

ಆದ್ದರಿಂದ ಈ ಮಾತು ಇಲ್ಲದವರಿಗಲ್ಲ, ಲಾಕರಿನ ಕೀಲಿ ಸೊಂಟದಲ್ಲಿರುವ ನಿಮಗೆ. ನಿಮ್ಮ ಸಂಘದಲ್ಲಿ, ನಿಮ್ಮ ಕಟ್ಟಡದಲ್ಲಿ, ನಿಮ್ಮ ಬಂಧುಗಳಲ್ಲಿ ಚೆಲುವಾದ ಒಂದು ತಾಮ್ರದ ಸೆಟ್ಟನ್ನು ಎಲ್ಲರಿಗಾಗಿ ಇಡಿ. ಬಡವರ ಮನೆಯ ಹುಡುಗಿಗೆಂದು ಅದನ್ನು ಎತ್ತಿಡಬೇಡಿ. ಮನೆಯಲ್ಲಿ ಎಷ್ಟೇ ಚಿನ್ನವಿರಲಿ, ಮೊದಲು ನಿಮ್ಮ ಮಗಳ ಕೊರಳಿಗೆ ಅದನ್ನು ತೊಡಿಸಿ, ಮಂಟಪದಲ್ಲಿ ಎಲ್ಲರೂ ನೋಡುವಂತೆ ಕೂರಿಸಿ.